ಆಸ್ಪತ್ರೆ ಫೈಲಿನ ಆ ಎರಡು ಪದ: ಕುಡಿತದ ಬಗ್ಗೆ ಡಾಕ್ಟರಿಗೆ ಏನು ಹೇಳಬೇಕು, ಏನು ಬರೆಸಬೇಕು



ಹಾರ್ಟ್ ಡಾಕ್ಟರು ಈ ಸಲ ಬಿಪಿ, ಕೊಲೆಸ್ಟ್ರಾಲ್ ಬಿಟ್ಟು ಆಸ್ಪತ್ರೆಯ ಕಾಗದಪತ್ರದ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಫೈಲಿನಲ್ಲಿ ಬರೆದ ಎರಡು ಪದ ಒಂದು ಸಂಸಾರವನ್ನು ಹೇಗೆ ಅಲುಗಾಡಿಸಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಾಗದದ ಕೆಳಗಿದ್ದ ಸಹಿ ನನ್ನದೇ. ಆದ್ದರಿಂದ ದಯವಿಟ್ಟು ಕೊನೆಯವರೆಗೂ ಓದಿ. ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ಎನ್ನುವವರೂ ಓದಿ, ನಿಮಗೆ ಸಂಬಂಧಿಸಿದ ಮಾತೂ ಇದರಲ್ಲಿದೆ.

*ಒಂದು ರಾತ್ರಿ, ಒಂದು ಪ್ರಶ್ನೆ*

ಮುಂಬೈಯಲ್ಲಿ ಸಣ್ಣ ಕ್ಯಾಂಟೀನ್ ನಡೆಸುವವರೊಬ್ಬರು, ಕುಂದಾಪುರದ ಕಡೆಯವರು. ವಯಸ್ಸು 52. (ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.) ರಾತ್ರಿ ಎರಡು ಗಂಟೆಗೆ ಎದೆನೋವೆಂದು ಬಂದರು. ಹಾರ್ಟ್ ಅಟ್ಯಾಕ್. ನಾವು ಆಂಜಿಯೋಪ್ಲಾಸ್ಟಿಗೆ ತಯಾರಿ ಮಾಡುತ್ತಿದ್ದಾಗ, ಹೊರಗೆ ಜೂನಿಯರ್ ಡಾಕ್ಟರ್ ಮನೆಯವರಿಂದ ಮಾಹಿತಿ ಬರೆದುಕೊಳ್ಳುತ್ತಿದ್ದರು. ಆ ಹುಡುಗ ಮರಾಠಿಯವನು. ಹೆಂಡತಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಅಷ್ಟಕ್ಕಷ್ಟೇ. ಕ್ಯಾಂಟೀನಿನ ಹುಡುಗನೊಬ್ಬ ನಡುವೆ ನಿಂತು ಹಿಂದಿಯಲ್ಲಿ ಹೇಳುತ್ತಿದ್ದ.

"ಪೀತೇ ಹೈ ಕ್ಯಾ?"
"ಹಾಂ."
"ಕಬ್ ಸೇ?"
"ಬಹುತ್ ಸಾಲ್ ಸೇ."

ಇಷ್ಟೇ ಮಾತು. ಎಷ್ಟು ಕುಡಿಯುತ್ತಾರೆ, ವಾರಕ್ಕೆ ಎಷ್ಟು ದಿನ ಎಂದು ಆತ ಕೇಳಲಿಲ್ಲ, ಇವರೂ ಹೇಳಲಿಲ್ಲ. ಫೈಲಿನಲ್ಲಿ ಬಿದ್ದದ್ದು ಎರಡು ಪದ: "ಕ್ರಾನಿಕ್ ಆಲ್ಕೋಹಾಲಿಕ್". ಬಹಳ ವರ್ಷದಿಂದ ಎಂದರೆ ಕ್ರಾನಿಕ್, ಕುಡಿಯುತ್ತಾರೆ ಎಂದರೆ ಆಲ್ಕೋಹಾಲಿಕ್! ಅದೇ ಸಾಲು ಡಿಸ್ಚಾರ್ಜ್ ಸಮರಿಗೂ ಬಂತು. ದಿನಕ್ಕೆ ಹತ್ತು ಸಮರಿಗೆ ಸಹಿ ಹಾಕುವ ನಾನು ಸ್ಟೆಂಟಿನ ವಿವರ ನೋಡಿದೆ, ಮಾತ್ರೆಗಳ ಪಟ್ಟಿ ನೋಡಿದೆ, ಆ ಸಾಲನ್ನು ನೋಡಲಿಲ್ಲ.

ಒಂದು ತಿಂಗಳ ನಂತರ ಮಗಳು ಫೈಲು ಹಿಡಿದುಕೊಂಡು ಓಪಿಡಿಗೆ ಬಂದಳು. ವಿಮಾ ಕ್ಲೇಮು ತಿರಸ್ಕೃತವಾಗಿತ್ತು. ಅವಳು ಹೇಳಿದ್ದು ಒಂದೇ ಮಾತು: "ಅಪ್ಪ ಕುಡುಕ ಅಲ್ಲ ಡಾಕ್ಟ್ರೇ. ನೀವು ಹಾಗೆ ಬರೆದಿದ್ದೀರಿ."

ನಾನು ಮೊದಲಿಂದ ಕೂತು ಕೇಳಿದೆ. ಶನಿವಾರ ರಾತ್ರಿ ಕ್ಯಾಂಟೀನ್ ಬಾಗಿಲು ಹಾಕಿದ ಮೇಲೆ ಒಂದು ನೈಂಟಿ. ಊರಿಗೆ ಹೋದಾಗ, ಮದುವೆ ಮುಂಜಿಯಲ್ಲಿ ಸ್ವಲ್ಪ ಹೆಚ್ಚು. ಚೌತಿ, ನವರಾತ್ರಿ ಬಂದರೆ ತಿಂಗಳುಗಟ್ಟಲೆ ಇಲ್ಲ. ಇಪ್ಪತ್ತು ವರ್ಷದಿಂದ ಹೀಗೇ. ಇದು ಒಳ್ಳೆಯ ಅಭ್ಯಾಸ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ವೈದ್ಯಶಾಸ್ತ್ರ ಹೇಳುವ "ಅವಲಂಬನೆ" ಅಲ್ಲವೇ ಅಲ್ಲ.

*ಪದ ಕೋಡ್ ಆಗುವುದು ಹೇಗೆ?*

ನೀವು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ನಿಮ್ಮ ಫೈಲು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೋಡರ್ ಎಂಬ ಸಿಬ್ಬಂದಿ ಡಾಕ್ಟರು ಬರೆದ ಪ್ರತಿ ರೋಗದ ಹೆಸರನ್ನೂ ಒಂದು ಸಂಕೇತಕ್ಕೆ ಬದಲಾಯಿಸುತ್ತಾರೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಇದೆ, ಅದರ ಹೆಸರು ಐಸಿಡಿ. ನಮ್ಮ ಆಸ್ಪತ್ರೆಗಳಲ್ಲಿ ಬಹುಪಾಲು ಬಳಕೆಯಲ್ಲಿರುವುದು ಅದರ ಹತ್ತನೇ ಆವೃತ್ತಿ, ಐಸಿಡಿ-10. (ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿದೆ.)

ಕೋಡರ್ ನಿಮ್ಮನ್ನು ನೋಡಿರುವುದಿಲ್ಲ. ಅವರು ಊಹಿಸುವಂತಿಲ್ಲ, ಬರೆದದ್ದನ್ನಷ್ಟೇ ನೋಡಬೇಕು. ಈಗ ಮುಖ್ಯ ಸಂಗತಿಗೆ ಬರೋಣ. ಐಸಿಡಿ-10ರಲ್ಲಿ ಎಫ್10.2 ಎಂದರೆ ಮದ್ಯದ ಅವಲಂಬನೆ. ಆ ಕೋಡಿನ ಕೆಳಗೆ ಸೇರುವ ಹೆಸರುಗಳಲ್ಲಿ "ಕ್ರಾನಿಕ್ ಆಲ್ಕೋಹಾಲಿಸಂ" ಕೂಡ ಒಂದು. ಅಂದರೆ ಜೂನಿಯರ್ ಡಾಕ್ಟರ್ ಅವಸರದಲ್ಲಿ ಗೀಚಿದ ಆ ಎರಡು ಪದ ನೇರವಾಗಿ ಕರೆದೊಯ್ಯುವುದು ವ್ಯಸನದ ಕೋಡಿಗೆ. ಕೋಡರ್ ತಪ್ಪು ಮಾಡಲಿಲ್ಲ. ತಪ್ಪು ಮಾಡಿದವರು ನಾವು.

*ಮೂರು ಮೆಟ್ಟಿಲು, ಮೂರು ಕೋಡ್*

ಕುಡಿಯುವವರೆಲ್ಲ ಒಂದೇ ಅಲ್ಲ. ಐಸಿಡಿ-10 ಅವರನ್ನು ಬೇರೆ ಬೇರೆ ಮೆಟ್ಟಿಲಿನಲ್ಲಿ ನಿಲ್ಲಿಸುತ್ತದೆ.

1. *ಬಳಕೆ, ಝಡ್72.1:* ಕುಡಿಯುವ ಅಭ್ಯಾಸ ಇದೆ, ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕು. ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ.

2. *ಹಾನಿಕರ ಬಳಕೆ, ಎಫ್10.1:* ಕುಡಿತದಿಂದ ದೇಹಕ್ಕೋ ಮನಸ್ಸಿಗೋ ಹಾನಿ ಆಗಿದೆ. ಉದಾಹರಣೆಗೆ ಲಿವರ್ ಕೆಟ್ಟಿದೆ, ಆದರೂ ಕುಡಿತ ನಡೆದಿದೆ. ಅವಲಂಬನೆ ಇನ್ನೂ ಇಲ್ಲ.

3. *ಅವಲಂಬನೆ, ಎಫ್10.2:* ಇದಕ್ಕೆ ಆರು ಲಕ್ಷಣಗಳಿವೆ. ಕಳೆದ ಒಂದು ವರ್ಷದಲ್ಲಿ ಮೂರು ಅಥವಾ ಹೆಚ್ಚು ಲಕ್ಷಣ ಒಟ್ಟಿಗೆ ಕಂಡಿದ್ದರೆ ಮಾತ್ರ ಈ ಹೆಸರು ಕೊಡಬೇಕು:
• ಕುಡಿಯಲೇಬೇಕೆಂಬ ತಡೆಯಲಾಗದ ತುಡಿತ
• ಶುರು ಮಾಡಿದರೆ ನಿಲ್ಲಿಸಲು ಆಗದಿರುವುದು. ಒಂದು ಪೆಗ್ ಎಂದು ಕೂತವರು ಬಾಟಲಿ ಮುಗಿಸಿ ಏಳುವುದು
• ಬಿಟ್ಟಾಗ ಕೈ ನಡುಕ, ಬೆವರು, ನಿದ್ದೆಗೆಡುವುದು. ಬೆಳಿಗ್ಗೆ ಎದ್ದು ಸ್ವಲ್ಪ ಹಾಕಿದರೇ ಸರಿಹೋಗುವುದು
• ಮೊದಲಿನಷ್ಟು ಕುಡಿದರೆ ಏರದೆ ದಿನೇ ದಿನೇ ಹೆಚ್ಚು ಬೇಕಾಗುವುದು
• ಮನೆ, ಕೆಲಸ, ಇಷ್ಟದ ಹವ್ಯಾಸ ಎಲ್ಲಕ್ಕಿಂತ ಕುಡಿತವೇ ಮುಂದಾಗುವುದು
• ಹಾನಿ ಆಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು

ಗಮನಿಸಿ: "ಎಷ್ಟು ವರ್ಷದಿಂದ" ಎಂಬುದು ಈ ಆರರಲ್ಲಿ ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಶನಿವಾರಕ್ಕೊಮ್ಮೆ ಕುಡಿದವರು ಅವಲಂಬಿತರಲ್ಲದಿರಬಹುದು. ಎರಡೇ ವರ್ಷದಲ್ಲಿ ಒಬ್ಬ ಯುವಕ ಪೂರ್ತಿ ಅವಲಂಬಿತನಾಗಿರಬಹುದು.

ಅವಲಂಬನೆ ಇಲ್ಲ ಎಂದರೆ ಹೃದಯಕ್ಕೆ ತೊಂದರೆ ಇಲ್ಲ ಎಂದಲ್ಲ, ಇದನ್ನೂ ಹೇಳಿಬಿಡುತ್ತೇನೆ. ಒಂದೇ ರಾತ್ರಿಯ ಪಾರ್ಟಿಯ ನಂತರ ಹೃದಯದ ಲಯ ತಪ್ಪಿ ಬಂದವರನ್ನು ನಾವು ನೋಡುತ್ತಲೇ ಇರುತ್ತೇವೆ. ಬಹಳ ವರ್ಷದ ಅತಿಯಾದ ಕುಡಿತದಿಂದ ಹೃದಯದ ಸ್ನಾಯು ಸಡಿಲವಾಗುತ್ತದೆ, ಅದಕ್ಕೂ ಐ42.6 ಎಂಬ ಪ್ರತ್ಯೇಕ ಕೋಡ್ ಇದೆ.

*ಇದಕ್ಕೆ ಉಲ್ಟಾ ಆದ ಇನ್ನೊಂದು ಕಥೆ*

ಇಷ್ಟು ಓದಿದ ಮೇಲೆ ಕೆಲವರಿಗೆ ಅನ್ನಿಸುತ್ತದೆ: "ಹಾಗಾದರೆ ಕುಡಿಯುವುದಿಲ್ಲ ಎಂದೇ ಹೇಳಿಬಿಡೋಣ, ತಲೆನೋವೇ ಇಲ್ಲ." ದಯವಿಟ್ಟು ಹಾಗೆ ಮಾಡಬೇಡಿ. ಏಕೆಂದು ಹೇಳುತ್ತೇನೆ.

ನಾನು ಎಂ.ಡಿ. ಓದುತ್ತಿದ್ದ ಕಾಲ. ನಿವೃತ್ತ ಅಧಿಕಾರಿಯೊಬ್ಬರು ಹಾರ್ಟ್ ಅಟ್ಯಾಕ್ ಆಗಿ ಐಸಿಯುಗೆ ಬಂದರು. ಮರ್ಯಾದಸ್ಥ ಮನೆತನ. ಕುಡಿತ, ಸಿಗರೇಟು ಏನಾದರೂ ಇದೆಯೇ ಎಂದು ಎಲ್ಲರೆದುರೇ ಕೇಳಿದೆ. ಮಗ ಸ್ವಲ್ಪ ಸಿಟ್ಟಿನಿಂದಲೇ, "ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ" ಎಂದ. ನಾನು "ಯಾವ ಅಭ್ಯಾಸವೂ ಇಲ್ಲ" ಎಂದು ಬರೆದೆ.

ಎರಡನೇ ರಾತ್ರಿ ಅವರ ಕೈ ನಡುಗಲು ಶುರುವಾಯಿತು. ಬೆವರು. ಬೆಡ್‌ಶೀಟಿನ ಮೇಲೆ ಹುಳ ಹರಿಯುತ್ತಿದೆ ಎಂದು ಕೊಡವುತ್ತಿದ್ದರು. ಡ್ರಿಪ್ ಕಿತ್ತರು. ವಯಸ್ಸಾದವರಿಗೆ ಐಸಿಯುನಲ್ಲಿ ಹೀಗೆ ಗೊಂದಲ ಆಗುವುದುಂಟು ಎಂದು ನಾನು ಅದಕ್ಕೆ ಕೊಡುವ ಇಂಜೆಕ್ಷನ್ ಕೊಟ್ಟೆ. ಬೆಳಗಿನ ಜಾವ ಫಿಟ್ಸ್ ಬಂತು. ವಾಂತಿ ಶ್ವಾಸಕೋಶಕ್ಕೆ ಹೋಯಿತು, ನ್ಯುಮೋನಿಯಾ ಆಯಿತು. ಆಮೇಲೆ ಅವರ ಹೆಂಡತಿ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು ಮೆಲ್ಲಗೆ ಹೇಳಿದರು: "ದಿನಾ ರಾತ್ರಿ ಒಂದು ಕ್ವಾರ್ಟರ್ ತಗೋತಾರಪ್ಪ. ಸೊಸೆ ಎದುರಿಗೆ ಹೇಗೆ ಹೇಳಲಿ?"

ಅದೃಷ್ಟ, ಅವರು ಬದುಕಿದರು. ಹಾರ್ಟ್ ಅಟ್ಯಾಕಿನಿಂದ ಆಗದ ಅಪಾಯ, ಬಾಯಿಬಿಡದ ಒಂದು ಮಾತಿನಿಂದ ಆಗಿತ್ತು. ಎಲ್ಲರೆದುರು ಕೇಳಿದ್ದು ನನ್ನ ತಪ್ಪು. ಅಂದಿನಿಂದ ಈ ಪ್ರಶ್ನೆಯನ್ನು ನಾನು ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ.

ವೈದ್ಯಕೀಯ ಕಾರಣ ಇಷ್ಟು: ದಿನವೂ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದಲ್ಲಿ ಭ್ರಮೆ, ತೀವ್ರ ಗೊಂದಲ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಕ್ಕೂ ಎರವಾಗಬಹುದು. ಆಸ್ಪತ್ರೆಗೆ ಸೇರಿದ ದಿನವೇ ಕುಡಿತ ನಿಲ್ಲುತ್ತದೆ, ನೆನಪಿಡಿ! ಹಾರ್ಟ್ ಪೇಶೆಂಟುಗಳಿಗೆ ನಾವು ಕೊಡುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನಾಡಿಬಡಿತವನ್ನು ತಗ್ಗಿಸುತ್ತದೆ. ಹೀಗಾಗಿ ನಮ್ಮನ್ನು ಎಚ್ಚರಿಸಬೇಕಾದ ಜೋರು ನಾಡಿಯೇ ಮರೆಯಾಗುತ್ತದೆ. ಮೊದಲೇ ಗೊತ್ತಿದ್ದರೆ ಲೊರಾಜೆಪಾಮ್‌ನಂಥ ಔಷಧಿ ಮತ್ತು ಥಯಾಮಿನ್ (ಬಿ1 ವಿಟಮಿನ್) ಕೊಟ್ಟು ಇದೆಲ್ಲವನ್ನೂ ಬಹುಮಟ್ಟಿಗೆ ತಡೆಯಬಹುದು.

*ಹೇಳುವುದು ಹೇಗೆ?*

"ಸೋಶಿಯಲ್ ಡ್ರಿಂಕರ್", "ಅವಾಗವಾಗ", "ಲಿಮಿಟ್ಟಲ್ಲೇ" ಈ ಮಾತುಗಳಿಂದ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ವಿಷಯ ಹೇಳಿ:

1. *ಏನು:* ವಿಸ್ಕಿ, ರಮ್, ಬಿಯರ್, ಸೇಂದಿ.
2. *ಎಷ್ಟು:* ನಿಮ್ಮ ಲೆಕ್ಕದಲ್ಲೇ ಹೇಳಿ. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿಯಲ್ಲಿ 30 ಗ್ರಾಂ, 180 ಮಿ.ಲೀ.ನ ಕ್ವಾರ್ಟರಿನಲ್ಲಿ 60 ಗ್ರಾಂ. "ಬಿಯರ್ ತಾನೇ" ಎನ್ನಬೇಡಿ, 8 ಶೇಕಡಾ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ದೊಡ್ಡ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ.
3. *ವಾರಕ್ಕೆ ಎಷ್ಟು ದಿನ.*
4. *ಕೊನೆಯ ಬಾರಿ ಕುಡಿದದ್ದು ಯಾವಾಗ:* ದಿನ, ಗಂಟೆ ಸಹಿತ. ಆಸ್ಪತ್ರೆಗೆ ಸೇರುವಾಗ ಇದೇ ಅತಿ ಮುಖ್ಯ.

ಡಾಕ್ಟರಿಗೆ ಕನ್ನಡ ಬರದಿದ್ದರೆ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಅಂಕಿಯಲ್ಲಿ ಬರೆದು ಕೊಡಿ. ಪುಣೆಯಾಗಲಿ, ಚೆನ್ನೈಯಾಗಲಿ, ದೆಹಲಿಯಾಗಲಿ, ಅಂಕಿ ಎಲ್ಲರಿಗೂ ಅರ್ಥವಾಗುತ್ತದೆ. ಭಾಷಾಂತರ ಮಾಡಲು ನೆರೆಮನೆಯ ಹುಡುಗನನ್ನು ನಂಬಿದರೆ ಆ ಕ್ಯಾಂಟೀನಿನ ಕಥೆಯೇ ಆಗುತ್ತದೆ.

*ನಮ್ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ಎನ್ನುವವರಿಗೆ*

ಸಂತೋಷ. ಆದರೆ ಇದೇ ಪಟ್ಟಿಯಲ್ಲಿ ತಂಬಾಕಿಗೆ ಎಫ್17, ನಿದ್ದೆಮಾತ್ರೆಗಳಿಗೆ ಎಫ್13 ಇವೆ.

"ಸ್ಮೋಕಿಂಗ್ ಇದೆಯಾ" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ. ಜೇಬಿನಲ್ಲಿ ಗುಟ್ಕಾ ಪ್ಯಾಕೆಟ್ ಇರುತ್ತದೆ! ಎಲೆಯಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಖೈನಿ, ಮಹಾರಾಷ್ಟ್ರದಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ, ಎಲ್ಲವೂ ತಂಬಾಕೇ. ಎಲ್ಲವೂ ಹೃದಯಕ್ಕೆ ಕೆಟ್ಟದ್ದೇ.

ಇನ್ನು ಅಮ್ಮಂದಿರು. "ಯಾವುದೋ ಡಾಕ್ಟರು ಬರೆದುಕೊಟ್ಟಿದ್ದು" ಎಂದು ವರ್ಷಾನುಗಟ್ಟಲೆ ರಾತ್ರಿ ಅರ್ಧ ಮಾತ್ರೆ ಅಲ್ಪ್ರಾಜೊಲಾಮ್ ನುಂಗುವವರು ಬಹಳ. ಆಪರೇಷನ್ನಿಗೆಂದು ಸೇರಿದಾಗ ಆ ಮಾತ್ರೆ ತಪ್ಪಿದರೆ ಅವರಿಗೂ ನಡುಕ, ಗೊಂದಲ ಬರಬಹುದು. ಅದನ್ನೂ ಹೇಳಿ. ಇದ್ದಕ್ಕಿದ್ದಂತೆ ನೀವೇ ನಿಲ್ಲಿಸಬೇಡಿ.

*ವಿಮೆಯ ವಿಷಯ*

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳಿಗೆ ಒಂದೇ ರೀತಿಯ ಪಠ್ಯ ಕೊಟ್ಟಿತು. ಅದರಲ್ಲಿ 12ನೆಯದು ಮದ್ಯವ್ಯಸನ, ಮಾದಕವಸ್ತು ಅಥವಾ ಯಾವುದೇ ಚಟದ ಚಿಕಿತ್ಸೆ ಮತ್ತು ಅದರ ಪರಿಣಾಮಗಳಿಗೆ ಸಂಬಂಧಿಸಿದ್ದು. ನಿಮ್ಮ ಪಾಲಿಸಿಯಲ್ಲಿ ಈ ಷರತ್ತು ಇದೆಯೇ ಎಂದು ಇವತ್ತೇ ನೋಡಿ. "ಕ್ರಾನಿಕ್ ಆಲ್ಕೋಹಾಲಿಕ್" ಎಂಬ ಪದ ಕಂಪನಿಯ ಕೈಗೆ ಈ ಷರತ್ತನ್ನು ಕೊಟ್ಟಂತೆ. ಸಕ್ಕರೆ ಕಾಯಿಲೆ, ಬಿಪಿಯಿಂದ ಬಂದ ಹಾರ್ಟ್ ಅಟ್ಯಾಕನ್ನೂ ಕುಡಿತದ ಪರಿಣಾಮ ಎಂದು ವಾದಿಸಲು ಅಷ್ಟು ಸಾಕು.

ಇನ್ನೊಂದು ಕಡೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು ಎಂದು ಅದರ 21ನೇ ಕಲಂ ಹೇಳುತ್ತದೆ. ಕ್ಲೇಮು ತಿರಸ್ಕರಿಸಿದರೆ ಇದನ್ನು ಉಲ್ಲೇಖಿಸಿ ಬರೆಯಿರಿ.

ಪಾಲಿಸಿ ತೆಗೆದುಕೊಳ್ಳುವಾಗ ಕುಡಿತ, ತಂಬಾಕಿನ ಪ್ರಶ್ನೆಗೆ ಸತ್ಯವನ್ನೇ ಬರೆಯಿರಿ. ಏಜೆಂಟ್ "ಇಲ್ಲ ಎಂದು ಟಿಕ್ ಮಾಡಿಬಿಡಿ ಸರ್" ಎಂದರೆ ಕೇಳಬೇಡಿ. ಕ್ಲೇಮಿನ ದಿನ ಆ ಏಜೆಂಟ್ ನಿಮ್ಮ ಪಕ್ಕದಲ್ಲಿರುವುದಿಲ್ಲ.

*ಫೈಲಿನಲ್ಲಿ ತಪ್ಪು ಬರೆದಿದ್ದರೆ*

• ಡಿಸ್ಚಾರ್ಜ್ ದಿನ, ಮನೆಗೆ ಹೊರಡುವ ಅವಸರದಲ್ಲೂ ಸಮರಿಯ ಮೊದಲ ಪುಟ ಪೂರ್ತಿ ಓದಿ. ಅರ್ಥವಾಗದ ಪದಕ್ಕೆ ಅರ್ಥ ಕೇಳಿ.
• ತಪ್ಪಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಲಿಖಿತವಾಗಿ ಕೊಡಿ. "ಅಳಿಸಿಬಿಡಿ" ಎನ್ನಬೇಡಿ, ಹಳೆಯದನ್ನು ಅಳಿಸಿದರೆ ಅದೇ ಅನುಮಾನಕ್ಕೆ ಕಾರಣವಾಗುತ್ತದೆ. ಮತ್ತೆ ವಿಚಾರಿಸಿ, ದಿನಾಂಕ ಮತ್ತು ಸಹಿಯೊಂದಿಗೆ ತಿದ್ದುಪಡಿ ಟಿಪ್ಪಣಿ ಸೇರಿಸಿ ಎನ್ನಿ.
• ಇದ್ದ ಸತ್ಯವನ್ನು ತೆಗೆಯಲು ಒತ್ತಾಯಿಸಬೇಡಿ. ಅದು ಸುಳ್ಳು ದಾಖಲೆ, ನಾವು ಮಾಡುವಂತಿಲ್ಲ.
• ನಿಮ್ಮ ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮದಲ್ಲೇ ಇದೆ.
• ವಿಮಾ ಕಂಪನಿಗೆ ಮೊದಲು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು, ಎಲ್ಲ ಕಡೆ ಕಚೇರಿ ಇದೆ.

ಆ ಕ್ಯಾಂಟೀನಿನವರ ವಿಷಯದಲ್ಲಿ ನಾನು ಹೀಗೇ ಟಿಪ್ಪಣಿ ಬರೆದುಕೊಟ್ಟೆ. ಶನಿವಾರದ ನೈಂಟಿ, ಬೀಡಿ, ಸಕ್ಕರೆ ಕಾಯಿಲೆ, ಇದ್ದದ್ದನ್ನೆಲ್ಲ ಇದ್ದ ಹಾಗೆ. ಹಣ ಬಂತು, ಆದರೆ ನಾಲ್ಕು ತಿಂಗಳ ನಂತರ. ಅಷ್ಟರಲ್ಲಿ ಹೆಂಡತಿಯ ಬಳೆ ಅಡವಿಗೆ ಹೋಗಿತ್ತು.

*ನಿಜವಾಗಿಯೂ ಅವಲಂಬನೆ ಇದ್ದರೆ?*

ಆಗ ಎಫ್10.2 ಎಂದೇ ಬರೆಸಿ, ಹಿಂಜರಿಯಬೇಡಿ. ಅದು ನಡತೆಯ ಸರ್ಟಿಫಿಕೇಟ್ ಅಲ್ಲ. ಬಿಪಿ, ಶುಗರ್ ಇದ್ದ ಹಾಗೆ ಅದೂ ಚಿಕಿತ್ಸೆ ಇರುವ ಕಾಯಿಲೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.9 ಕೋಟಿ ಜನ ಮದ್ಯದ ಅವಲಂಬಿತರು. ಅವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಬರೆಯದ ಕಾಯಿಲೆಗೆ ಔಷಧಿ ಬರೆಯುವುದು ಹೇಗೆ?

ನಿಮ್ಮ ಮಾನಸಿಕ ಆರೋಗ್ಯದ ಮಾಹಿತಿ ಗೋಪ್ಯವಾಗಿರಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಕಾನೂನು ಹೇಳುವ ಕೆಲವು ಸಂದರ್ಭ ಬಿಟ್ಟರೆ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಕುಡಿತ ಬಿಟ್ಟವರಿಗೂ ಒಂದು ಮಾತು: ಬಿಟ್ಟ ತಿಂಗಳು, ವರ್ಷ ಫೈಲಿನಲ್ಲಿ ಬರೆಸಿ. "ಈಗ ಬಿಟ್ಟಿದ್ದಾರೆ" ಎಂದು ತೋರಿಸಲು ಐಸಿಡಿ-10ರಲ್ಲಿ ಇನ್ನೊಂದು ಅಂಕಿ ಸೇರಿಸುವ ವ್ಯವಸ್ಥೆಯೇ ಇದೆ. ಕಷ್ಟಪಟ್ಟು ಬಿಟ್ಟದ್ದು ದಾಖಲಾಗಲಿ.

*ಸಹಾಯಕ್ಕೆ (ಉಳಿಸಿಟ್ಟುಕೊಳ್ಳಿ):*
ಟೆಲಿ ಮಾನಸ್: 14416
ವ್ಯಸನಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446
ತಂಬಾಕು ಬಿಡಲು: 1800-11-2356
ಊರಿಗೆ ಹೋದಾಗ ಕನ್ನಡದಲ್ಲೇ ಮಾತಾಡಿ ಚಿಕಿತ್ಸೆ ಪಡೆಯಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ದಿನವೂ ಕುಡಿಯುವವರು ಇದನ್ನು ಓದಿ ಇವತ್ತೇ ದಿಢೀರನೆ ನಿಲ್ಲಿಸಬೇಡಿ. ಡಾಕ್ಟರ ಸಹಾಯದಿಂದಲೇ ನಿಲ್ಲಿಸಿ.

ಕೊನೆಯದಾಗಿ, ಡಾಕ್ಟರಿಗೆ ಕಡಿಮೆ ಹೇಳಬೇಡಿ, ಡಾಕ್ಟರು ಹೆಚ್ಚು ಬರೆಯಲು ಬಿಡಬೇಡಿ. ಇದ್ದದ್ದು ಇದ್ದ ಹಾಗೆ ಫೈಲಿನಲ್ಲಿರಲಿ. ಆ ರಾತ್ರಿ ನಾವು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: "ಎಷ್ಟು?" ನಾವು ಕೇಳಲು ಮರೆತರೆ ನೀವೇ ಹೇಳಿ.

ಉಪಯುಕ್ತ ಎನಿಸಿದರೆ ಮನೆಯವರಿಗೆ, ಗೆಳೆಯರಿಗೆ, ನಿಮ್ಮ ಕನ್ನಡ ಸಂಘದ ಗ್ರೂಪಿಗೆ ಕಳಿಸಿ. ನಿಮ್ಮ ಆರೋಗ್ಯದ ನಿರ್ಧಾರಗಳಿಗೆ ನಿಮ್ಮ ಡಾಕ್ಟರನ್ನೇ ಕೇಳಿ. ಎಲ್ಲರ ಹೃದಯವೂ ಚೆನ್ನಾಗಿರಲಿ.